65 ಕಿಲೋಮೀಟರಿಗೆ ಆರು ರಾತ್ರಿ

ಇಂಗ್ಲೆಂಡಿನ ಹೆನ್ಲಿಯಿಂದ ಲಂಡನ್ ಅಂಚಿನ ಹ್ಯಾಂಪ್ಟನ್ ಕೋರ್ಟಿಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಅದೇ ಎರಡು ಊರುಗಳ ನಡುವೆ ಥೇಮ್ಸ್ ನದಿಯಲ್ಲಿ ಓಡಾಡುವ ಐಷಾರಾಮಿ ಬಾರ್ಜಿಗೆ, ಅಂದರೆ ಚಪ್ಪಟೆ ತಳದ ಉದ್ದನೆಯ ದೋಣಿಗೆ, ಬೇಕಾಗುವುದು ಆರು ರಾತ್ರಿ. ಎಂಟು ಜನ ಅತಿಥಿಗಳು, ನಾಲ್ಕೈದು ಜನ ಸಿಬ್ಬಂದಿ, ತಲೆಗೆ ಹಲವು ಸಾವಿರ ಪೌಂಡ್. ಇಂಥ ಪ್ರವಾಸದ ಕರಪತ್ರ ಕಣ್ಣಿಗೆ ಬಿದ್ದಾಗಲೆಲ್ಲ ಒಂದು ಲೆಕ್ಕ ತಲೆ ಕೊರೆಯುತ್ತದೆ. ನದಿಯ ದಾರಿ ಸುಮಾರು 65 ಕಿ.ಮೀ. ವೇಗಮಿತಿ ಗಂಟೆಗೆ 8 ಕಿ.ಮೀ. ನಡುವೆ 16 ಲಾಕ್‌ಗಳು (ದೋಣಿಯನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಇಳಿಸುವ ಕದದ ತೊಟ್ಟಿಗಳು), ಒಂದೊಂದಕ್ಕೆ ಇಪ್ಪತ್ತು ನಿಮಿಷ ಹಿಡಿಯಿರಿ. ಎಲ್ಲ ಕೂಡಿದರೂ ಹದಿನಾಲ್ಕು ಗಂಟೆ ದಾಟುವುದಿಲ್ಲ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಎರಡೂವರೆ ಗಂಟೆಯೂ ಬಾರದು. ಉಳಿದ ಹೊತ್ತೆಲ್ಲ ಬಾರ್ಜು ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ದಡದಲ್ಲಿ ನಿಂತಿರುತ್ತದೆ. ಅಂದರೆ ಇವರು ಮಾರುತ್ತಿರುವುದು ಪ್ರಯಾಣವನ್ನಲ್ಲ, ನಿಲುಗಡೆಯನ್ನು. ನಿಲ್ಲುವುದಕ್ಕೆ ಅಷ್ಟು ದುಡ್ಡೇಕೆ ಎಂದು ಹುಡುಕುತ್ತ ಹೋದರೆ, ನಿಲ್ಲುವುದೇ ಎಲ್ಲಕ್ಕಿಂತ ಹೆಚ್ಚು ಕೆಲಸ ಕೇಳುತ್ತದೆ ಎಂದು ಗೊತ್ತಾಗುತ್ತದೆ.

ನಮ್ಮ ಪ್ರವಾಸಿಗರಿಗೆ ಥೇಮ್ಸ್ ಎಂದರೆ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ದೋಣಿ ಹತ್ತಿ ಗ್ರೀನಿಚ್‌ನಲ್ಲಿ ಇಳಿಯುವುದು. ಅದು ಬೇರೆಯೇ ನದಿ. ಕಡಲಿನ ಉಬ್ಬರ ಲಂಡನ್ ಸೇತುವೆಯ ಬಳಿ ನೀರನ್ನು ಏಳು ಮೀಟರಿನವರೆಗೂ ಏರಿಸಿ ಇಳಿಸುತ್ತದೆ. ಆ ಏರಿಳಿತ ಟೆಡಿಂಗ್ಟನ್ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಬಂದರು ಪ್ರಾಧಿಕಾರದ ರಾಜ್ಯ, ಮೇಲೆ ಪರಿಸರ ಇಲಾಖೆಯ ರಾಜ್ಯ. ಟೆಡಿಂಗ್ಟನ್‌ನಿಂದ ಲೆಚ್‌ಲೇಡ್‌ವರೆಗೆ 44 ಲಾಕ್‌ಗಳಿವೆ. ನದಿ ಅಲ್ಲಿ ಹರಿಯುವುದಕ್ಕಿಂತ ಹೆಚ್ಚಾಗಿ ಮೆಟ್ಟಿಲಿಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಅಣೆ, ಅಣೆಯ ಮಗ್ಗುಲಿಗೆ ಒಂದು ಲಾಕ್. ಲೆಚ್‌ಲೇಡ್‌ನಿಂದ ಕಡಲು ಸೇರುವವರೆಗೆ ಇಡೀ ನದಿ ಇಳಿಯುವುದು 71 ಮೀಟರ್ ಅಷ್ಟೇ. ಜೋಗದ ರಾಜ ಒಂದೇ ನೆಗೆತಕ್ಕೆ 253 ಮೀಟರ್ ಇಳಿಯುತ್ತಾನೆ. ನಮ್ಮ ನದಿಗಳ ಮೇಲೆ ಇಂಥ ಬಾರ್ಜು ಏಕೆ ಓಡುವುದಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಉಳಿದರ್ಧವನ್ನು ಏಪ್ರಿಲ್ ತಿಂಗಳ ಕಾವೇರಿಯನ್ನು ನೋಡಿ ತಿಳಿದುಕೊಳ್ಳಬಹುದು.

ಲಕ್ಸ್ ಎಂಬ ಹೆಸರು

ಈ ಬಾರ್ಜುಗಳಲ್ಲಿ ಕೆಲವು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಹಾಲೆಂಡಿನಲ್ಲಿ. 1920 ಮತ್ತು 30ರ ದಶಕಗಳಲ್ಲಿ ಅಲ್ಲಿನ ಕಾಲುವೆಗಳಲ್ಲಿ ಧಾನ್ಯ, ಆಲೂಗಡ್ಡೆ ಸಾಗಿಸಲು ಕಟ್ಟಿದ ಒಂದು ಬಗೆಯ ಸರಕು ದೋಣಿಗೆ ‘ಲಕ್ಸ್ ಮೋಟರ್’ ಎಂದು ಹೆಸರು. ಇಲ್ಲಿ ಲಕ್ಸ್ (ಐಷಾರಾಮ) ಎಂದರೆ ಅತಿಥಿಗಳ ಸುಖವಲ್ಲ. ಹಳೆಯ ದೋಣಿಗಳಿಗೆ ಹೋಲಿಸಿದರೆ ಇದರ ಹಿಂಬದಿಯಲ್ಲಿ ಅಂಬಿಗನ ಸಂಸಾರಕ್ಕೆ ನೆಟ್ಟಗೆ ನಿಲ್ಲುವಷ್ಟು ಎತ್ತರದ ಕೋಣೆ, ಒಂದು ಅಡುಗೆಮನೆ ಇದ್ದವು, ಅದೇ ಲಕ್ಸ್. ಮುಂದಿನ ಉದ್ದಕ್ಕೂ ಸರಕಿನ ಹೊಟ್ಟೆ. ಇಂದು ಆ ಹೊಟ್ಟೆಯಲ್ಲಿ ನಾಲ್ಕು ಮಲಗುವ ಕೋಣೆ, ಸ್ನಾನದ ಮನೆಗಳು, ಸೋಫಾ ಹಾಕಿದ ಹಜಾರ. ಆಲೂಗಡ್ಡೆ ಇದ್ದಲ್ಲಿ ಅತಿಥಿಗಳು, ಅಂಬಿಗನ ಸಂಸಾರ ಇದ್ದ ಮೂಲೆಯ ಸುತ್ತ ಸಿಬ್ಬಂದಿ. ಹೆಸರು ಮಾತ್ರ ದಿಕ್ಕು ಬದಲಿಸಿಕೊಂಡಿದೆ.

ಅತಿಥಿಗಳು ಎಂಟೇ ಜನ ಯಾಕೆ? ಜಾಗ ಸಾಲದು ಎಂಬುದು ಒಂದು ಕಾರಣ. ಅದರಾಚೆ ಒಂದು ಕಾಯಿದೆಯ ಗೆರೆ ಇದೆ: ಬ್ರಿಟನ್ನಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತ ಕೂಡಲೇ ದೋಣಿ ‘ಪ್ರಯಾಣಿಕ ನೌಕೆ’ಯಾಗಿಬಿಡುತ್ತದೆ, ಅದರ ತಪಾಸಣೆ ಮತ್ತು ಪ್ರಮಾಣಪತ್ರದ ದಾರಿಯೇ ಬೇರೆ. ಹಾಗಾಗಿ ಹನ್ನೆರಡರ ಒಳಗೇ ಉಳಿದು, ತಲೆಯೊಂದರ ದರ ಏರಿಸುವುದು ಈ ವ್ಯಾಪಾರದ ಜಾಣತನ.

ತೊಂಬತ್ತು ವರ್ಷ ಹಳೆಯ ಉಕ್ಕನ್ನು ನೀರಿನಲ್ಲಿ ಉಳಿಸಿಕೊಳ್ಳುವುದು ಹಗುರ ಕೆಲಸವಲ್ಲ. ಕೆಲವು ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆತ್ತಿ, ಕೆರೆದು, ತಳದ ತಗಡಿನ ದಪ್ಪವನ್ನು ಶಬ್ದತರಂಗದ ಉಪಕರಣದಿಂದ ಅಂಗುಲ ಅಂಗುಲವಾಗಿ ಅಳೆಯುತ್ತಾರೆ. 4 ಮಿಲಿಮೀಟರಿಗಿಂತ ತೆಳುವಾದ ಜಾಗ ಸಿಕ್ಕರೆ ವಿಮೆಯವರು ಸಾಮಾನ್ಯವಾಗಿ ತಕರಾರು ತೆಗೆಯುತ್ತಾರೆ, ಅಲ್ಲಿಗೆ ಹೊಸ ತಗಡಿನ ತೇಪೆ ಬೆಸೆಯಬೇಕು. ತೇಪೆಯ ಮೇಲೆ ತೇಪೆ ಬಿದ್ದರೆ ದೋಣಿ ಭಾರವಾಗುತ್ತದೆ, ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ತುಕ್ಕು ಉಕ್ಕನ್ನು ಬಿಟ್ಟು ಬೇರೆಡೆ ಬಾಯಿ ಹಾಕಲಿ ಎಂದು ಹೊರಮೈಗೆ ಲೋಹದ ಗಟ್ಟಿಗಳನ್ನು ಕಟ್ಟಿರುತ್ತಾರೆ. ಕಡಲಿನಲ್ಲಾದರೆ ಸತುವಿನ ಗಟ್ಟಿ. ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿಕೊಂಡು ಅದು ಸುಮ್ಮನೆ ಕೂತುಬಿಡುತ್ತದೆ, ಆದ್ದರಿಂದ ಇಲ್ಲಿ ಮೆಗ್ನೀಸಿಯಂ. ಕಡಲಿನಿಂದ ಬಂದ ದೋಣಿಯ ಗಟ್ಟಿ ಬದಲಿಸಲು ಮರೆತವರು ಮುಂದಿನ ತಪಾಸಣೆಯಲ್ಲಿ ದಂಡ ತೆರುತ್ತಾರೆ.

ಕೆಳಗಿಳಿಯುವ ಕಲೆ

ಬೇಸಿಗೆಯ ಭಾನುವಾರದಂದು ಮೇಡನ್‌ಹೆಡ್‌ನ ಬೌಲ್ಟರ್ಸ್ ಲಾಕ್‌ನ ಕಟ್ಟೆಯ ಮೇಲೆ ನಿಂತರೆ ಇಡೀ ಆಟ ಕಾಣುತ್ತದೆ. ಲಾಕ್ ಎಂದರೆ ಎರಡೂ ತುದಿಗೆ ಕದವಿರುವ ಕಲ್ಲಿನ ತೊಟ್ಟಿ. ಇದು ಸುಮಾರು 60 ಮೀಟರ್ ಉದ್ದ, ಆರೂವರೆ ಮೀಟರಿಗೂ ತುಸು ಕಡಿಮೆ ಅಗಲ, ಇಳಿತ 2.4 ಮೀಟರ್. ಕೆಳಗೆ ಹೋಗುವ ಬಾರ್ಜು ಬಂದಾಗ ತೊಟ್ಟಿ ಮೇಲಿನ ನೀರಿನ ಮಟ್ಟಕ್ಕೆ ತುಂಬಿರಬೇಕು. ಮೇಲಿನ ಕದ ತೆರೆಯುತ್ತದೆ. ಲಾಕ್‌ಕೀಪರ್ ಮೊದಲು ಒಳಗೆ ಬಿಡುವುದು ದೊಡ್ಡ ಉಕ್ಕಿನ ಬಾರ್ಜನ್ನು. ಫೈಬರ್‌ಗ್ಲಾಸಿನ ಚಿಕ್ಕ ದೋಣಿಗಳು ಆಮೇಲೆ. ತಿರುವುಮುರುವಾದರೆ ಎಂಬತ್ತು ನೂರು ಟನ್ನಿನ ಉಕ್ಕು ಒಳಗೆ ತೇಲಿ ಬರುವಾಗ ಫೈಬರ್ ದೋಣಿ ಗೋಡೆಗೂ ಬಾರ್ಜಿಗೂ ನಡುವೆ ಹಪ್ಪಳವಾಗುತ್ತದೆ. ಬಾರ್ಜು ನಿಂತ ಮೇಲೆ ಮುಂದೊಂದು ಹಿಂದೊಂದು ಹಗ್ಗವನ್ನು ದಡದ ಕಬ್ಬಿಣದ ಗೂಟಕ್ಕೆ ಸುತ್ತಿ, ತುದಿಯನ್ನು ಕೈಗೇ ವಾಪಸು ತರಬೇಕು. ಎಂಜಿನ್ ಆರಿಸಬೇಕು. ಮೇಲಿನ ಕದ ಮುಚ್ಚಿ, ಕೆಳಗಿನ ತೂಬು ತೆರೆದರೆ ಸುಮಾರು ಒಂಬತ್ತು ಲಕ್ಷ ಲೀಟರ್ ನೀರು ಪಂಪು ಇಲ್ಲದೆ, ಸದ್ದಿಲ್ಲದೆ ಕೆಳಗಿನ ನದಿಗೆ ಹೋಗುತ್ತದೆ.

ಇಲ್ಲಿ ಕೆಡುವುದು ಎರಡು ಕಡೆ. ಹಗ್ಗವನ್ನು ಸುತ್ತುವ ಬದಲು ಗಂಟು ಹಾಕಿಬಿಟ್ಟರೆ ನೀರು ಇಳಿದಂತೆ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ಗಂಟು ಬಿಗಿದ ಮೇಲೆ ಬಿಚ್ಚಲಾಗದು, ಕೊಯ್ಯಬೇಕು, ಅಥವಾ ಹಗ್ಗವೇ ಹರಿದು ಚಾಟಿಯಂತೆ ಬೀಸುತ್ತದೆ. ಎರಡನೆಯದು ಇದಕ್ಕಿಂತ ಮೋಸದ್ದು. ಮೇಲಿನ ಕದದ ಬುಡದಲ್ಲಿ ನೀರಿನಡಿ ಒಂದು ಹೊಸ್ತಿಲಿದೆ, ತೊಟ್ಟಿ ತುಂಬಿದಾಗ ಅದು ಕಾಣುವುದಿಲ್ಲ. ಬಾರ್ಜಿನ ಹಿಂಬದಿ ಅದರ ಮೇಲೆ ಉಳಿದುಕೊಂಡರೆ ನೀರು ಇಳಿದಾಗ ಹಿಂಬದಿ ಹೊಸ್ತಿಲಿನ ಮೇಲೆ ಕೂರುತ್ತದೆ, ಮೂತಿ ಕೆಳಗಿಳಿಯುತ್ತದೆ, ಚುಕ್ಕಾಣಿ ಮುರಿಯಬಹುದು, ಮುಂದಿನಿಂದ ನೀರು ನುಗ್ಗಬಹುದು. ಗೋಡೆಯ ಮೇಲೆ ಬಣ್ಣದ ಗೆರೆ ಎಳೆದಿರುವುದು ಅದಕ್ಕೇ. ಥೇಮ್ಸ್‌ನ ಈ ಭಾಗದಲ್ಲಿ ಇಂಥದ್ದು ಅಪರೂಪ, ಯಾಕೆಂದರೆ ತೂಬು ತೆರೆಯಲು ಒತ್ತುವ ಗುಂಡಿಯ ಬಳಿ ಲಾಕ್‌ಕೀಪರ್ ನಿಂತಿರುತ್ತಾನೆ, ಅವನ ಕಣ್ಣು ದೋಣಿಯ ಬಾಲದ ಮೇಲಿರುತ್ತದೆ. ಸಂಜೆ ಆರರ ಸುಮಾರಿಗೆ ಅವನ ಪಾಳಿ ಮುಗಿಯುತ್ತದೆ. ಆಮೇಲೆ ಗುಂಡಿಯನ್ನು ದೋಣಿಯವರೇ ಒತ್ತಿಕೊಳ್ಳಬಹುದು. ಆದರೆ ಅತಿಥಿಗಳನ್ನು ಹೊತ್ತ ಕ್ಯಾಪ್ಟನ್ ಆ ಹೊತ್ತಿಗೆ ದಡ ಸೇರಿ, ಹಗ್ಗ ಕಟ್ಟಿ, ಊಟದ ಮೇಜಿಗೆ ದೀಪ ಹಚ್ಚಿಸಿರುತ್ತಾನೆ. ‘ಶಾಂತ ಸಂಜೆಗಳು’ ಎಂದು ಕರಪತ್ರದಲ್ಲಿ ಅಚ್ಚಾಗಿರುವುದರ ಹಿಂದೆ ಲಾಕ್‌ಕೀಪರ್‌ನ ಡ್ಯೂಟಿ ಚಾರ್ಟೂ ಇದೆ.

ಮೂರೂವರೆ ಶತಮಾನದ ಹಿಂದೆ ಈ ದಾರಿ ಇಷ್ಟು ಸೌಮ್ಯವಾಗಿರಲಿಲ್ಲ. ಆಗ ಈ ಭಾಗದಲ್ಲಿ ತೊಟ್ಟಿಗಳಿರಲಿಲ್ಲ. ಅಣೆಯ ನಡುವೆ ಮರದ ಕಂಬ, ಹಲಗೆಗಳನ್ನು ಜೋಡಿಸಿದ ಒಂದು ಕಂಡಿ ಇರುತ್ತಿತ್ತು. ಹಲಗೆ ಕಿತ್ತೊಡನೆ ಕಟ್ಟಿಟ್ಟ ನೀರು ಧುಮುಕುತ್ತಿತ್ತು. ಕೆಳಗೆ ಹೋಗುವವರು ಆ ಅಬ್ಬರದ ಮೇಲೇ ಸವಾರಿ ಮಾಡಬೇಕು, ಮೇಲೆ ಬರುವವರನ್ನು ರಾಟೆ ಹಾಕಿ ಎಳೆಯಬೇಕು. ನೀರು ಅಣೆಯ ಪಕ್ಕದ ಗಿರಣಿಯವನದು. ಅವನು ಬಿಡುವವರೆಗೆ ದಿನಗಟ್ಟಲೆ ಕಾಯಬೇಕು, ದುಡ್ಡೂ ಕೊಡಬೇಕು. ಆಕ್ಸ್‌ಫರ್ಡ್ ಬಳಿಯ ಇಫ್ಲಿ, ಸ್ಯಾಂಡ್‌ಫರ್ಡ್‌ಗಳಲ್ಲಿ ತೊಟ್ಟಿಯ ಲಾಕ್ ಬಂದದ್ದು 1630ರ ದಶಕದಲ್ಲಿ. ಅಂದಿನ ಬಾರ್ಜಿನವರೂ ದಿನದ ಬಹುಪಾಲು ನಿಂತೇ ಇರುತ್ತಿದ್ದರು. ಅದಕ್ಕೆ ಯಾರೂ ವಿಹಾರ ಎಂದು ಹೆಸರಿಡಲಿಲ್ಲ.

ಸೆಳವಿನ ಜೊತೆ ನಿಲ್ಲುವುದು

ನೋಡುವವರಿಗೆ ಬಾರ್ಜು ನಡೆಸುವುದು ಸಲೀಸು ಎನಿಸುತ್ತದೆ, ನಡಿಗೆಯ ವೇಗ ತಾನೇ. ಆದರೆ ನೀರು ಚುಕ್ಕಾಣಿಯ ಮೇಲೆ ಹಾದುಹೋದರಷ್ಟೇ ಚುಕ್ಕಾಣಿ ಮಾತು ಕೇಳುತ್ತದೆ. ನದಿಯ ಜೊತೆಗೇ ಹೋಗುವಾಗ, ನಿಲ್ಲಬೇಕೆಂದು ವೇಗ ಇಳಿಸಿದಷ್ಟೂ ಹತೋಟಿ ತಪ್ಪುತ್ತದೆ, ಹಿಂದಿನಿಂದ ಸೆಳವು ತಳ್ಳುತ್ತಲೇ ಇರುತ್ತದೆ. ಹಿಮ್ಮುಖ ಗೇರು ಹಾಕಿದರೆ ಬಾಲ ಒಂದು ಮಗ್ಗುಲಿಗೆ ಜಾರುತ್ತದೆ. ಆದ್ದರಿಂದ ಕೆಳಮುಖವಾಗಿ ಬಂದ ಬಾರ್ಜು ದಡ ಹಿಡಿಯುವ ಮೊದಲು ಪೂರ್ತಿ ತಿರುಗಿ ನಿಲ್ಲುವುದು ಒಳ್ಳೆಯ ರೂಢಿ: ಮೂತಿಯನ್ನು ದಡದ ಬಳಿಯ ನಿಧಾನ ನೀರಿಗೆ ಒಡ್ಡಿದರೆ ನಡು ನದಿಯ ಸೆಳವೇ ಬಾಲವನ್ನು ಸುತ್ತಿ ತರುತ್ತದೆ. ಈಗ ಮೂತಿ ಮೇಲ್ಮುಖ. ಎಂಜಿನ್ನನ್ನು ಸೆಳವಿಗೆ ಸರಿಸಮ ಮಾಡಿದರೆ ಬಾರ್ಜು ನೆಲದ ಲೆಕ್ಕದಲ್ಲಿ ಅಲುಗಾಡದೆ ನಿಲ್ಲುತ್ತದೆ, ಚುಕ್ಕಾಣಿಗೆ ಮಾತ್ರ ಓಡುತ್ತಿರುವ ಹಾಗೆಯೇ ನೀರು ಸಿಗುತ್ತದೆ. ಮುಂದಿನ ಹಗ್ಗ ಮೊದಲು, ಹಿಂದಿನದು ಆಮೇಲೆ. ಕೆಳಮುಖವಾಗಿಯೇ ದಡ ಹಿಡಿಯಹೋಗಿ ಮುಂದಿನ ಹಗ್ಗ ಮೊದಲು ಕಟ್ಟಿದರೆ ಸೆಳವು ಬಾಲ ಹಿಡಿದು ಇಡೀ ದೋಣಿಯನ್ನು ಅಡ್ಡಡ್ಡ ತಿರುಗಿಸಿಬಿಡುತ್ತದೆ.

ಕಟ್ಟಿ ನಿಂತ ಬೇರೆ ದೋಣಿಗಳ ಪಕ್ಕ ಹಾಯುವಾಗ ಕ್ಯಾಪ್ಟನ್ ಹಿಂದಕ್ಕೆ ತಿರುಗಿ ನೋಡುತ್ತಾನೆ. ಅಗಲದ ಬಾರ್ಜು ತನ್ನ ಗಾತ್ರದ ನೀರನ್ನು ಮುಂದಿನಿಂದ ತಳ್ಳಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ದಡದ ದೋಣಿಗಳು ಮುಂದೆ ಹಿಂದೆ ಜಗ್ಗಿ, ಮೆದುಮಣ್ಣಿಗೆ ಹೊಡೆದ ಗೂಟ ಕಿತ್ತುಬರುತ್ತದೆ. ದಡದಗುಂಟ ಅಲೆ ಮುರಿಯುತ್ತ ಬಂದರೆ ವೇಗ ಹೆಚ್ಚಾಯಿತು ಎಂದರ್ಥ. ಒಳಗೆ ಚಹಾ ಹೀರುತ್ತಿರುವ ದೋಣಿಯವರಿಂದ ಬೈಗುಳವೂ ಬರುತ್ತದೆ, ಇಂಗ್ಲಿಷರ ಮಟ್ಟಿಗೆ ಸಾಕಷ್ಟು ಖಾರವಾಗಿಯೇ.

ಮಳೆ ಹೆಚ್ಚಾದರೆ ಈ ಯಾವ ಕಲೆಯೂ ನಡೆಯುವುದಿಲ್ಲ. ಪ್ರತಿ ಲಾಕ್‌ನ ಬಳಿ ಹಲಗೆ ತೂಗುಹಾಕುತ್ತಾರೆ. ಹಳದಿಯಾದರೆ ಸೆಳವು ಏರುತ್ತಿದೆ ಅಥವಾ ಇಳಿಯುತ್ತಿದೆ. ಕೆಂಪಾದರೆ ಸೆಳವು ಬಲವಾಗಿದೆ, ಕಟ್ಟಿದಲ್ಲೇ ಇರಿ. ಅಪಾಯ ತೊಟ್ಟಿಯಲ್ಲಿಲ್ಲ, ಅದರ ಮಗ್ಗುಲಿನ ಅಣೆಯಲ್ಲಿದೆ. ಅಣೆಯ ಬಾಗಿಲುಗಳನ್ನೆಲ್ಲ ಎತ್ತಿದಾಗ ನದಿಯ ಪೂರ್ತಿ ಸೆಳೆತ ಆ ಕಡೆಗೇ. ಲಾಕ್‌ನ ಬಾಯಿಗೆ ತಿರುಗಬೇಕಾದ ಬಾರ್ಜು ಅಡ್ಡಡ್ಡ ಜಾರಿ ಅಣೆಯ ಮೇಲೆ ಒರಗಬಹುದು. 2013–14ರ ಚಳಿಗಾಲದ ನೆರೆಯಲ್ಲಿ ಕೆಂಪು ಹಲಗೆಗಳು ವಾರಗಟ್ಟಲೆ ಕೆಳಗಿಳಿಯಲಿಲ್ಲ. ವಿಹಾರದ ಕಾಲ ಏಪ್ರಿಲ್‌ನಿಂದ ಅಕ್ಟೋಬರ್, ಆದರೂ ವಸಂತದ ಮಳೆ ಒಮ್ಮೊಮ್ಮೆ ವಾರವಿಡೀ ಕಟ್ಟಿಹಾಕುತ್ತದೆ. ಆಗ ಕೈಹಿಡಿಯುವುದು ಮಿನಿಬಸ್ಸು. ಹೌದು, ಪ್ರತಿ ಬಾರ್ಜಿಗೂ ನೆರಳಿನ ಹಾಗೆ ಒಂದು ಮಿನಿಬಸ್ಸು ಇರುತ್ತದೆ. ಬಾರ್ಜು ಹೊರಟ ಮೇಲೆ ಸಿಬ್ಬಂದಿಯಲ್ಲಿ ಒಬ್ಬರು ಅದನ್ನು ಮುಂದಿನ ನಿಲ್ದಾಣಕ್ಕೆ ಒಯ್ದು ನಿಲ್ಲಿಸಿ, ಸೈಕಲ್ ತುಳಿದುಕೊಂಡು ವಾಪಸು ಬರುತ್ತಾರೆ. ಕ್ಲಿವ್ಡನ್ ಬಂಗಲೆ, ವಿಂಡ್ಸರ್ ಕೋಟೆಗಳಿಗೆ ಅತಿಥಿಗಳು ಹೋಗುವುದು ಅದರಲ್ಲೇ. ಕೆಂಪು ಹಲಗೆಯ ವಾರದಲ್ಲಿ ಬಾರ್ಜು ಹೋಟೆಲ್ ಆಗಿ ನಿಲ್ಲುತ್ತದೆ, ಪ್ರವಾಸವೆಲ್ಲ ಬಸ್ಸಿನ ಮೇಲೆ ನಡೆಯುತ್ತದೆ. ಕರಪತ್ರದಲ್ಲಿದ್ದ ಎಲ್ಲ ಜಾಗಗಳನ್ನೂ ನೋಡಿಯಾಗುತ್ತದೆ, ನದಿಯೊಂದನ್ನು ಬಿಟ್ಟು.

ಹೊಟ್ಟೆಯ ಒಳಗೆ

ಹನ್ನೆರಡು ಜನರ ಸ್ನಾನ, ಅಡುಗೆ, ಪಾತ್ರೆ ಎಂದರೆ ತಲೆಗೆ ಎಂಬತ್ತು ಲೀಟರ್ ಹಿಡಿದರೂ ದಿನಕ್ಕೆ ಹತ್ತಿರ ಹತ್ತಿರ ಒಂದು ಟನ್ ನೀರು. ಲಾಕ್‌ನ ಬಳಿಯ ನಲ್ಲಿಯಿಂದ ನಿಮಿಷಕ್ಕೆ 20 ಲೀಟರ್ ಬಂದರೆ ಒಂದು ದಿನದ ನೀರು ಹಿಡಿಯಲು ಐವತ್ತು ನಿಮಿಷ. ಎಂಟು ಟನ್ನಿನ ಟ್ಯಾಂಕ್ ಖಾಲಿಯಾಗುತ್ತ ಬಂದಂತೆ 36 ಮೀಟರಿನ ಬಾರ್ಜು ಸುಮಾರು ಐದು ಸೆಂಟಿಮೀಟರ್ ಮೇಲೇಳುತ್ತದೆ. ಮಾರ್ಲೋದ ತೂಗುಸೇತುವೆಯ ಕೆಳಗೆ ಮಾಮೂಲಿ ದಿನದಲ್ಲೇ ನಾಲ್ಕು ಮೀಟರಿಗಿಂತ ಕಡಿಮೆ ತೆರಪು. ಮಳೆಗೆ ನದಿ ಒಂದಡಿ ಏರಿ, ಟ್ಯಾಂಕೂ ಖಾಲಿ ಇದ್ದರೆ ಡೆಕ್ಕಿನ ಕೊಡೆ, ಬಾವುಟದ ಕಂಬ ಎಲ್ಲ ಮಡಚಬೇಕು. (ಆ ಸೇತುವೆ ಕಟ್ಟಿದ ವಿಲಿಯಂ ಟಿಯರ್ನಿ ಕ್ಲಾರ್ಕ್‌ನೇ ಆಮೇಲೆ ಬುಡಾಪೆಸ್ಟ್‌ನ ದೊಡ್ಡ ಸರಪಳಿ ಸೇತುವೆಯನ್ನೂ ರೂಪಿಸಿದವನು.) ಆಕ್ಸ್‌ಫರ್ಡ್ ದಾಟಿ ಮೇಲೆ ಹೋಗುವ ಆಸೆಯನ್ನಂತೂ ಆಸ್ನಿ ಸೇತುವೆ ಮುರಿದುಹಾಕುತ್ತದೆ, ಅದರ ತೆರಪು 2.28 ಮೀಟರ್.

ಬಂದ ನೀರು ಹೋಗಲೂ ಬೇಕಲ್ಲ. ಶೌಚದ ನೀರನ್ನು ನದಿಗೆ ಬಿಡುವಂತಿಲ್ಲ. ಅದು ತಳದ ಟ್ಯಾಂಕಿನಲ್ಲಿ ಕೂಡುತ್ತದೆ, ಪಂಪಿನ ಕೇಂದ್ರಕ್ಕೆ ಹೋಗಿ ಖಾಲಿ ಮಾಡಿಸಬೇಕು. ಮನೆಯ ಫ್ಲಶ್ಶಿನ ಹಾಗೆ ಒಂದೊಂದು ಸಲ ಆರು ಲೀಟರ್ ಬಿಟ್ಟರೆ ಎರಡು ದಿನಕ್ಕೆ ಟ್ಯಾಂಕ್ ತುಂಬೀತು. ಹಾಗಾಗಿ ವಿಮಾನದಲ್ಲಿರುವಂಥ, ಗಾಳಿ ಎಳೆಯುವ ಶೌಚ. ಅದಕ್ಕೆ ಒಂದು ಲೀಟರ್ ಸಾಕು. ಅದರ ಶತ್ರು ಒದ್ದೆ ಟಿಶ್ಯೂ. ಯಾರೋ ಒಬ್ಬರು ಹಾಕಿದ ಒಂದು ಟಿಶ್ಯೂ ಕೊಳವೆಯ ಬಾಗಿನಲ್ಲಿ ಸಿಕ್ಕಿಕೊಂಡರೆ ಎಳೆತ ಹೋಗಿ ನಾಲ್ಕೂ ಕೋಣೆಗಳ ಶೌಚ ಒಮ್ಮೆಗೇ ನಿಲ್ಲುತ್ತದೆ. ಆಗ ನಗುಮುಖದಲ್ಲಿ ವೈನ್ ಬಡಿಸುತ್ತಿದ್ದ ಹುಡುಗನೇ ಕೈಗವಸು ಹಾಕಿಕೊಂಡು ನೆಲದ ಹಲಗೆ ಎತ್ತಬೇಕು.

ಅಡುಗೆಮನೆಯಲ್ಲಿ ಗ್ಯಾಸ್ ಇದ್ದರೆ ಸಿಲಿಂಡರಿನ ಗೂಡು ಒಳಗಿನಿಂದ ಪೂರ್ತಿ ಬೇರೆಯಾಗಿದ್ದು, ತಳದ ರಂಧ್ರ ದೋಣಿಯ ಹೊರಕ್ಕೇ ತೆರೆದಿರಬೇಕು. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮನೆಯಲ್ಲಿ ಬಾಗಿಲಿಂದಾಚೆ ಹೋದೀತು, ದೋಣಿಯಲ್ಲಿ ಬೋಗುಣಿಗೆ ಸುರಿದ ಹಾಗೆ ತಳದಲ್ಲಿ ನಿಂತು ಕಿಡಿಗೆ ಕಾಯುತ್ತದೆ. ವಿದ್ಯುತ್ತಿನ ಪಾಡು ಬೇರೆ. ದೀಪ, ಫ್ರಿಜ್‌ಗಳನ್ನು ರಾತ್ರಿಯಿಡೀ ಬ್ಯಾಟರಿ ನಿಭಾಯಿಸುತ್ತದೆ, ಏಸಿಯನ್ನು ನಿಭಾಯಿಸುವುದು ಕಷ್ಟ. ಜನರೇಟರ್ ಹಾಕಿದರೆ ಹಕ್ಕಿಯ ಸದ್ದಿಗಾಗಿ ದುಡ್ಡು ಕೊಟ್ಟವರಿಗೆ ಡೀಸೆಲಿನ ಸದ್ದು. ದಡದ ಕರೆಂಟ್ ಸಿಗುವ ಜಾಗಗಳು ಕಡಿಮೆ, ಸಿಗುವ ಜಾಗಗಳು ಚೆಂದವಿರುವುದಿಲ್ಲ. ರಾತ್ರಿ ಎಲ್ಲಿ ನಿಲ್ಲಬೇಕು ಎಂಬುದು ನೋಟಕ್ಕಿಂತ ಹೆಚ್ಚಾಗಿ ಪ್ಲಗ್ಗಿನ ಪ್ರಶ್ನೆಯಾಗುವುದು ಹೀಗೆ.

ರನ್ನಿಮೀಡ್

ವಿಂಡ್ಸರ್ ದಾಟಿ, ಓಲ್ಡ್ ವಿಂಡ್ಸರ್ ಲಾಕ್ ಇಳಿದ ಮೇಲೆ ಬಲದಂಡೆಯಲ್ಲಿ ಒಂದು ಅಗಲವಾದ ಹುಲ್ಲುಗಾವಲು. 1215ರ ಜೂನ್‌ನಲ್ಲಿ ಜಾನ್ ದೊರೆ ವಿಂಡ್ಸರ್ ಕಡೆಯಿಂದಲೂ, ಬಂಡೆದ್ದ ಸರದಾರರು ಸ್ಟೇನ್ಸ್ ಕಡೆಯಿಂದಲೂ ಬಂದು ನಡುವೆ ಕೂತ ಜಾಗ. ನೆರೆ ಬಂದರೆ ಮುಳುಗುವ ಈ ಬಯಲಿನಲ್ಲಿ ಯಾರ ಕೋಟೆಯೂ ಇರಲಿಲ್ಲ. ಆಯ್ಕೆಗೆ ಅದೂ ಒಂದು ಅನುಕೂಲ. ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಜಾನ್ ಸಹಿ ಹಾಕಲಿಲ್ಲ, ಮುದ್ರೆ ಒತ್ತಿಸಿದ. ಇಂದು ಅಲ್ಲಿ ಎದ್ದು ಕಾಣುವ ಸ್ಮಾರಕ 1957ರಲ್ಲಿ ಅಮೆರಿಕದ ವಕೀಲರ ಸಂಘ ಕಟ್ಟಿಸಿದ್ದು. ನಮ್ಮ ಭಾಷಣಗಳಲ್ಲಿ ಅನುಭವ ಮಂಟಪದ ಹೆಸರು ಬಂದಾಗಲೆಲ್ಲ ಹಿಂದೆಯೇ ಮ್ಯಾಗ್ನಾ ಕಾರ್ಟಾವೂ ಬರುವುದುಂಟು, ಯಾರು ಮೊದಲು ಎಂಬ ಲೆಕ್ಕಕ್ಕೆ. ಆ ಹೋಲಿಕೆಯ ಗೊಡವೆ ಇಲ್ಲಿ ಬೇಡ. ಆದರೆ ಇದೇ ನದಿಯ ದಂಡೆಯಲ್ಲಿ, ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರಿನಿಂದ ಬಸವಣ್ಣನ ಪುತ್ಥಳಿ ಇದೆ. ಹ್ಯಾಂಪ್ಟನ್ ಕೋರ್ಟಿನಿಂದ ನೀರಿನ ದಾರಿಯಲ್ಲಿ 30 ಕಿ.ಮೀ.ಗೂ ಹೆಚ್ಚು ಕೆಳಗೆ, ಉಬ್ಬರದ ನೀರಿನ ದಂಡೆಯಲ್ಲಿ. ಈ ಬಾರ್ಜು ಅಲ್ಲಿಯವರೆಗೆ ಹೋಗುವುದಿಲ್ಲ.

ರನ್ನಿಮೀಡಿನ ಮೌನದ ಬಗ್ಗೆ ಕರಪತ್ರಗಳು ಬಹಳ ಬರೆಯುತ್ತವೆ. ವಿಂಡ್ಸರ್ ಹೀಥ್ರೂ ವಿಮಾನಗಳ ದಾರಿಯಲ್ಲಿದೆ ಎಂಬುದನ್ನು ಬರೆಯುವುದಿಲ್ಲ. ಗಾವಲು ಮುಗಿದು ಬೆಲ್ ವಿಯರ್ ಲಾಕ್ ಇಳಿದೊಡನೆ ತಲೆಯ ಮೇಲೆ ಎಂ25 ಹೆದ್ದಾರಿಯ ಸೇತುವೆ ಎಂಬುದನ್ನೂ ಬರೆಯುವುದಿಲ್ಲ. ಅದರ ಬದಲು ಹಿಂದಿನ ದಿನದ ಮೇಡನ್‌ಹೆಡ್ ರೈಲು ಸೇತುವೆಯ ಬಗ್ಗೆ ನಾಲ್ಕು ಸಾಲು ಹೆಚ್ಚು ಬರೆಯಬಹುದಿತ್ತು. ಎಂಜಿನಿಯರ್ ಬ್ರೂನೆಲ್ 1830ರ ದಶಕದ ಕೊನೆಗೆ ಕಟ್ಟಿದ್ದು. ಬರೀ ಇಟ್ಟಿಗೆಯ ಎರಡು ಚಪ್ಪಟೆ ಕಮಾನು, ಒಂದೊಂದೂ 39 ಮೀಟರ್. ಬಿದ್ದೇಹೋಗುತ್ತದೆ ಎಂದವರಿದ್ದರು, ರೈಲುಗಳು ಇವತ್ತೂ ಓಡುತ್ತಿವೆ. ದಡದ ಕಾಲುದಾರಿಯ ಮೇಲಿನ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿದರೆ ಸದ್ದು ಹಲವು ಸಲ ವಾಪಸು ಬರುತ್ತದೆ.

ಆ ಕಾಲುದಾರಿ ಥೇಮ್ಸ್ ಪಾಥ್. ಒಂದು ಕಾಲದಲ್ಲಿ ಬಾರ್ಜು ಎಳೆಯುವ ಕುದುರೆಗಳ ದಾರಿ. 1996ರಿಂದ ರಾಷ್ಟ್ರೀಯ ನಡಿಗೆಹಾದಿ. ಬೆನ್ನಿಗೆ ಚೀಲ, ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದ ನಡಿಗೆಯವರು ಬಾರ್ಜಿನ ಜೊತೆಜೊತೆಗೇ ಬರುತ್ತಾರೆ. ಬಾರ್ಜು ಅವರನ್ನು ಹಿಂದೆ ಹಾಕುತ್ತದೆ. ಮುಂದಿನ ಲಾಕ್‌ನಲ್ಲಿ ತೊಟ್ಟಿ ಖಾಲಿಯಾಗುವಷ್ಟರಲ್ಲಿ ಅವರು ಕದದ ಪಕ್ಕ ನಿಂತು, ಕೆಳಗಿಳಿಯುತ್ತಿರುವ ಡೆಕ್ಕನ್ನೂ ಅದರ ಮೇಲಿನ ಎಂಟು ಗ್ಲಾಸುಗಳನ್ನೂ ಮೇಲಿನಿಂದ ನೋಡುತ್ತಿರುತ್ತಾರೆ.

ಹ್ಯಾಂಪ್ಟನ್ ಕೋರ್ಟಿನಲ್ಲಿ ಕೊನೆಯ ಬೆಳಿಗ್ಗೆ, ಅರಮನೆಯ ಎದುರಿನ ದಡ. ಅತಿಥಿಗಳ ಪೆಟ್ಟಿಗೆಗಳು ಹೋದ ಮೇಲೆ ಹಾಸಿಗೆಗಳ ಬಟ್ಟೆ ಲಾಂಡ್ರಿಯ ಚೀಲಕ್ಕೆ, ಕಸ ದಡಕ್ಕೆ, ನೀರಿನ ಕೊಳವೆ ಟ್ಯಾಂಕಿಗೆ. ಎಂಜಿನ್ನಿನ ಎಣ್ಣೆಯ ಕಡ್ಡಿ ಒರೆಸಿ ನೋಡಬೇಕು, ತಂಪುನೀರಿನ ಜಾಲರಿಗೆ ಸಿಕ್ಕ ಎಲೆ, ಪಾಚಿ ತೆಗೆಯಬೇಕು. ಅದು ಕಟ್ಟಿಕೊಂಡರೆ ಮುಂದಿನ ವಾರ ನಡು ನದಿಯಲ್ಲಿ ಎಂಜಿನ್ ಬಿಸಿಯೇರುತ್ತದೆ. ಮಿನಿಬಸ್ಸು ಹೊಸ ಎಂಟು ಜನರನ್ನು ಕರೆತರಲು ಲಂಡನ್ನಿಗೆ ಹೋಗಿದೆ. ನಾಲ್ಕು ಗಂಟೆಗೆ ಅದು ವಾಪಸು ಬರುವ ಹೊತ್ತಿಗೆ ಟ್ಯಾಂಕ್ ತುಂಬಿರಬೇಕು, ಗ್ಲಾಸುಗಳು ಒರೆಸಿರಬೇಕು, ಕ್ಯಾಪ್ಟನ್ ಶರ್ಟು ಬದಲಿಸಿರಬೇಕು.